ಕಮ್ಯುನಿಟಿ ಕಾಲೇಜಿನ ಅಕೌಂಟಿಂಗ್ ಡಿಗ್ರಿ: ಹಾಕಿದ್ದು ವಾಪಸ್ ಬರುತ್ತಾ?

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಆ ರಾಜ್ಯದ ನಿವಾಸಿಗಳಿಗೆ ಒಂದು ಯುನಿಟ್‌ಗೆ (ಯುನಿಟ್ ಅಂದರೆ ಕೋರ್ಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್ ಫೀಸು. 2012ರಿಂದ ಅಷ್ಟೇ ಇದೆ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ 60 ಯುನಿಟ್ ಬೇಕು. ಅಲ್ಲಿಗೆ 2,760 ಡಾಲರ್ ಆಯಿತು. ಅಮೆರಿಕದಲ್ಲಿ ಓದಬೇಕಾದರೆ ಜಮೀನು ಮಾರಬೇಕು ಅಂತ ಕೇಳಿ ಬೆಳೆದವರಿಗೆ ಇದು ಅಚ್ಚಿನ ತಪ್ಪೇನೋ ಅನಿಸುತ್ತದೆ. ತಪ್ಪಲ್ಲ, ನಿಜವೇ.

ಇಷ್ಟು ಕಡಿಮೆಗೆ ಸಿಗುತ್ತದೆ ಅಂದಮೇಲೆ ಮಾಡಿಯೇಬಿಡೋಣ ಅನ್ನುವ ಆಸೆ ಹುಟ್ಟುವುದು ಸಹಜ. ಅದರಲ್ಲೂ ಅಕೌಂಟಿಂಗ್ ಅಂದರೆ ಯಾವ ಊರಿಗೆ ಹೋದರೂ ಬೇಕಾಗುವ ವಿದ್ಯೆ. ಇಲ್ಲಿನ ಕನ್ನಡಿಗರಲ್ಲಿ ಈ ಬಗ್ಗೆ ವಿಚಾರಿಸುವವರು ಹೆಚ್ಚಾಗಿ ಮೂರು ತರದವರು. ಊರಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ, ಎಚ್-4 ವೀಸಾದಲ್ಲಿ (ಎಚ್-1ಬಿ ಅನ್ನುವ ಕೆಲಸದ ವೀಸಾ ಇದ್ದವರ ಗಂಡ ಅಥವಾ ಹೆಂಡತಿಗೆ ಸಿಗುವುದು) ಬಂದವರು ಒಬ್ಬರು. ಗ್ರೀನ್ ಕಾರ್ಡ್ ಇದ್ದು, ಅಂಗಡಿಯಲ್ಲೋ ಗೋದಾಮಿನಲ್ಲೋ ಗಂಟೆ ಲೆಕ್ಕದ ಕೆಲಸ ಮಾಡುತ್ತಿರುವವರು ಇನ್ನೊಬ್ಬರು. ಹೈಸ್ಕೂಲು ಮುಗಿಸುತ್ತಿರುವ ಮಗನನ್ನೋ ಮಗಳನ್ನೋ ಎಲ್ಲಿಗೆ ಕಳಿಸುವುದು ಅಂತ ತಲೆ ಕೆಡಿಸಿಕೊಂಡಿರುವ ಅಪ್ಪ ಅಮ್ಮ ಮೂರನೆಯವರು. ಮೂವರಿಗೂ ಒಂದೇ ಉತ್ತರ ಹೇಳಿದರೆ ಇಬ್ಬರಿಗಾದರೂ ಮೋಸ ಆಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಡಿಗ್ರಿಯಲ್ಲಿ ಫೀಸು ಸಣ್ಣ ಖರ್ಚು, ದೊಡ್ಡ ಖರ್ಚು ನಿಮ್ಮ ಸಮಯ. ಡಿಗ್ರಿ ಮುಗಿಸಿ ಅಲ್ಲಿಗೇ ನಿಲ್ಲಿಸುವವರಿಗೆ ಸಿಗುವುದು ಕಡಿಮೆ. ಅದನ್ನು ಹಿಡಿದು ಮುಂದಕ್ಕೆ ಹೋಗುವವರಿಗೆ ಇಷ್ಟು ಅಗ್ಗದ ದಾರಿ ಅಮೆರಿಕದಲ್ಲಿ ಮತ್ತೊಂದಿಲ್ಲ.

ಫೀಸಿನ ಕತೆ

ಕಮ್ಯುನಿಟಿ ಕಾಲೇಜು ಅಂದರೆ ರಾಜ್ಯದ ಮತ್ತು ಊರಿನ ತೆರಿಗೆ ಹಣದಿಂದ ನಡೆಯುವ ಎರಡು ವರ್ಷದ ಕಾಲೇಜು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದ ಕಾಲೇಜನ್ನು ಇವುಗಳಲ್ಲಿ ಮೊದಲನೆಯದು ಅನ್ನುತ್ತಾರೆ. ಈಗ ದೇಶದ ತುಂಬ ಸುಮಾರು ಸಾವಿರ ಕಾಲೇಜುಗಳಿವೆ. ಪ್ರವೇಶ ಪರೀಕ್ಷೆ ಇಲ್ಲ, ಪರ್ಸೆಂಟೇಜ್ ಕೇಳುವುದಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಹದಿನೆಂಟರ ಹುಡುಗನ ಪಕ್ಕ ಐವತ್ತರ ಅಜ್ಜಿ ಕೂತಿರುತ್ತಾರೆ. ತರಗತಿ ಸಂಜೆಗೂ ಇರುತ್ತದೆ, ಆನ್‌ಲೈನಿನಲ್ಲೂ ಇರುತ್ತದೆ.

ಕ್ಯಾಲಿಫೋರ್ನಿಯಾದಷ್ಟು ಕಡಿಮೆ ಫೀಸು ಎಲ್ಲ ಕಡೆ ಇಲ್ಲ. ಇಡೀ ದೇಶದ ಸರಾಸರಿ ನೋಡಿದರೆ 2024-25ರಲ್ಲಿ ವರ್ಷಕ್ಕೆ ಸುಮಾರು 4,050 ಡಾಲರ್ ಇತ್ತು. ಅದೇ ವರ್ಷ ಸರ್ಕಾರಿ ನಾಲ್ಕು ವರ್ಷದ ವಿಶ್ವವಿದ್ಯಾಲಯದಲ್ಲಿ ಆಯಾ ರಾಜ್ಯದವರಿಗೇ ಸರಾಸರಿ 11,610 ಡಾಲರ್. ಕೆಲವು ರಾಜ್ಯಗಳು ಇನ್ನೂ ಮುಂದೆ ಹೋಗಿವೆ. ಟೆನೆಸಿ 2015ರಿಂದ ಹೈಸ್ಕೂಲು ಮುಗಿಸಿದವರಿಗೆ, 2018ರಿಂದ ದೊಡ್ಡವರಿಗೂ ಟ್ಯೂಷನ್ ಇಲ್ಲದ ಹಾಗೆ ಮಾಡಿದೆ. ಮ್ಯಾಸಚೂಸೆಟ್ಸ್ 2024ರಲ್ಲಿ ಅದೇ ದಾರಿ ಹಿಡಿಯಿತು. ಹಾಗಾಗಿ ನೀವಿರುವ ರಾಜ್ಯದ ನಿಯಮ ನೋಡದೆ ಲೆಕ್ಕ ಹಾಕಲು ಕೂರಬೇಡಿ.

ಇನ್ನು ‘ನಿವಾಸಿ’ ಅನ್ನುವ ಮಾತನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ನಿವಾಸಿ ಅಲ್ಲದವರಿಗೆ ಇದೇ ಕಾಲೇಜು ಹಲವು ಪಟ್ಟು ಜಾಸ್ತಿ ಫೀಸು ಹಾಕುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿ ಅನ್ನಿಸಿಕೊಳ್ಳಲು ಒಂದು ವರ್ಷ ಒಂದು ದಿನ ಅಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೊಡಬೇಕು. ಎಚ್-4ನಲ್ಲಿ ಇರುವವರೂ ಹಾಗೆ ನಿವಾಸಿ ಆಗಬಹುದು. ಓದುವುದಕ್ಕೆ ಅವರಿಗೆ ಬೇರೆ ವೀಸಾ ಬೇಕಿಲ್ಲ, ಕೆಲಸದ ಪರವಾನಗಿಯೂ ಬೇಕಿಲ್ಲ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಆ ಅನುಕೂಲ ಇಲ್ಲ. ಮನೆ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ ರಿಟರ್ನ್, ಇಂಥವನ್ನು ಮೊದಲ ದಿನದಿಂದ ನಿಮ್ಮ ಹೆಸರಿನಲ್ಲೂ ಇಟ್ಟುಕೊಳ್ಳಿ. ಎಲ್ಲ ಗಂಡನ ಹೆಸರಲ್ಲೇ ಇದ್ದು ಆಮೇಲೆ ಕಾಲೇಜಿನ ಕಚೇರಿಗೆ ಅಲೆದಾಡುವವರು ಬೇಕಾದಷ್ಟು ಜನ ಇದ್ದಾರೆ.

ಪುಸ್ತಕದ ಖರ್ಚು ಬೇರೆ. ಅಕೌಂಟಿಂಗ್ ಕೋರ್ಸುಗಳಲ್ಲಿ ಪುಸ್ತಕಕ್ಕಿಂತ ಅದರ ಜೊತೆ ಬರುವ ಆನ್‌ಲೈನ್ ಕೋಡ್ ದುಬಾರಿ. ಹೋಮ್‌ವರ್ಕ್ ಅದರಲ್ಲೇ ಮಾಡಬೇಕು, ಹಾಗಾಗಿ ಸೆಕೆಂಡ್ ಹ್ಯಾಂಡ್ ಪುಸ್ತಕ ತಂದರೂ ಉಪಯೋಗ ಇಲ್ಲ. ಒಂದು ಕೋರ್ಸಿಗೆ ನೂರು ಡಾಲರ್ ದಾಟುವುದು ಮಾಮೂಲಿ. ಕೆಲವು ಮೇಷ್ಟ್ರುಗಳು ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಕೊಡುವ ಉಚಿತ ಪಠ್ಯವನ್ನೇ ಬಳಸುತ್ತಾರೆ. ವೇಳಾಪಟ್ಟಿಯಲ್ಲಿ ‘ಪಠ್ಯದ ಖರ್ಚು ಇಲ್ಲ’ ಅನ್ನುವ ಗುರುತು ಇರುವ ತರಗತಿ ಹುಡುಕಿದರೆ ಅಷ್ಟು ಉಳಿಯಿತು.

ಸಹಾಯಧನದ ವಿಷಯದಲ್ಲಿ ನಮ್ಮವರಿಗೆ ನಿರಾಸೆಯೇ ಜಾಸ್ತಿ. ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ ವರ್ಷಕ್ಕೆ ಗರಿಷ್ಠ 7,395 ಡಾಲರ್. ವಾಪಸ್ ಕೊಡಬೇಕಿಲ್ಲದ ಹಣ ಅದು. ಆದಾಯ ಕಡಿಮೆ ಇರುವ ಮನೆಯವರಿಗೆ ಅದರಲ್ಲೇ ಫೀಸು ಪೂರ್ತಿ ತೀರಿ, ಪುಸ್ತಕಕ್ಕೂ ಬಸ್ಸಿಗೂ ಉಳಿಯುತ್ತದೆ. ಆದರೆ ಅದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್‌ನಂಥ ಕಾಯಂ ದಾಖಲೆ ಇದ್ದವರಿಗೆ ಮಾತ್ರ. ಎಚ್-4ನವರಿಗೆ ಇಲ್ಲ. ಗ್ರೀನ್ ಕಾರ್ಡ್ ಇದ್ದರೂ ಈಗಾಗಲೇ ಬ್ಯಾಚುಲರ್ ಡಿಗ್ರಿ ಮುಗಿಸಿದವರಿಗೆ ಸಿಗುವುದಿಲ್ಲ, ಆ ಡಿಗ್ರಿ ಬೇರೆ ದೇಶದ್ದಾದರೂ ಸಾಮಾನ್ಯವಾಗಿ ಅದೇ ಮಾತು.

ತೆರಿಗೆಯಲ್ಲಿ ಒಂದು ರಿಯಾಯಿತಿ ಇದೆ, ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅಂತ. ಕಟ್ಟಿದ ಟ್ಯೂಷನ್ನಿನ ಶೇಕಡಾ 20, ಗರಿಷ್ಠ 2,000 ಡಾಲರ್ ತೆರಿಗೆಯಿಂದ ಕಳೆಯಬಹುದು. ಒಂದೇ ಒಂದು ಕೋರ್ಸು ಮಾಡಿದರೂ ಸಿಗುತ್ತದೆ. ಗಂಡ ಹೆಂಡತಿ ಸೇರಿ ರಿಟರ್ನ್ ಹಾಕಿದರೆ ಆದಾಯ 1,60,000 ಡಾಲರ್ ದಾಟಿದ ಮೇಲೆ ಇದು ಕರಗುತ್ತಾ ಹೋಗಿ 1,80,000ಕ್ಕೆ ಪೂರ್ತಿ ಇಲ್ಲವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಐಟಿ ಮನೆಗಳಲ್ಲಿ ಬಹಳಷ್ಟು ಈ ಗೆರೆಯ ಆಚೆ ಇರುತ್ತವೆ, ಅಲ್ವಾ? ಅವರು ಇದನ್ನು ಮರೆತುಬಿಡಬಹುದು.

ಎರಡು ಕೆಲಸಗಳ ನಡುವೆ

ಈಗ ಲಾಭದ ಕಡೆ ಬರೋಣ. ಅಮೆರಿಕದ ಕಾರ್ಮಿಕ ಅಂಕಿ-ಅಂಶ ಇಲಾಖೆ ಪ್ರತಿ ಕೆಲಸಕ್ಕೂ ಸಂಬಳ ಎಷ್ಟು, ಯಾವ ಓದು ಬೇಕು, ಮುಂದಿನ ಹತ್ತು ವರ್ಷ ಹೇಗೆ ಅಂತ ಪಟ್ಟಿ ಮಾಡುತ್ತದೆ. ಅಕೌಂಟಿಂಗ್ ಓದುವವರು ನೋಡಬೇಕಾದ್ದು ಅದರಲ್ಲಿ ಎರಡು ಸಾಲು.

ಮೊದಲನೆಯದು ಬುಕ್‌ಕೀಪಿಂಗ್, ಅಕೌಂಟಿಂಗ್, ಆಡಿಟಿಂಗ್ ಕ್ಲರ್ಕ್‌ಗಳದ್ದು. ಬಿಲ್ ಎಂಟ್ರಿ ಮಾಡುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಸಂಬಳ ಪಟ್ಟಿ (ಪೇರೋಲ್) ಮಾಡುವುದು ಇವರ ಕೆಲಸ. 2024ರ ಮೇ ತಿಂಗಳ ಲೆಕ್ಕದಲ್ಲಿ ವರ್ಷದ ಮಧ್ಯಮ ಸಂಬಳ 49,210 ಡಾಲರ್. ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಡಿಮೆ. ಎರಡನೆಯದು ಅಕೌಂಟೆಂಟ್ ಮತ್ತು ಆಡಿಟರ್‌ಗಳದ್ದು. ಅಲ್ಲಿ ಮಧ್ಯಮ ಸಂಬಳ 81,680 ಡಾಲರ್.

ಈ ಎರಡು ಕೆಲಸಕ್ಕೆ ಬೇಕಾದ ಓದು ಏನು ಅಂತ ಪಕ್ಕದ ಕಾಲಂ ನೋಡಿ. ಕ್ಲರ್ಕ್ ಕೆಲಸಕ್ಕೆ ‘ಒಂದಿಷ್ಟು ಕಾಲೇಜು, ಡಿಗ್ರಿ ಬೇಕಿಲ್ಲ’ ಅಂತ ಇದೆ. ಅಕೌಂಟೆಂಟ್ ಕೆಲಸಕ್ಕೆ ಬ್ಯಾಚುಲರ್ ಡಿಗ್ರಿ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಎರಡೂ ಕಡೆ ಇಲ್ಲ! ಕೆಳಗಿನ ಕೆಲಸಕ್ಕೆ ಅದು ಬೇಕಾದ್ದಕ್ಕಿಂತ ಜಾಸ್ತಿ, ಮೇಲಿನ ಕೆಲಸಕ್ಕೆ ಸಾಲುವುದಿಲ್ಲ. ಮೈಸೂರಿಗೆ ಹೊರಟು ಮದ್ದೂರಲ್ಲಿ ಇಳಿದ ಹಾಗೆ ಇದರ ಸ್ಥಿತಿ. ವಡೆ ತಿನ್ನೋಕೆ ಪರವಾಗಿಲ್ಲ, ಅಲ್ಲೇ ಉಳಿಯಬೇಕು ಅಂದರೆ ಯೋಚಿಸಬೇಕು.

ಹಾಗಂತ ಡಿಗ್ರಿಗೆ ಬೆಲೆಯೇ ಇಲ್ಲ ಅಂತ ಅಲ್ಲ. ಇಬ್ಬರು ಅರ್ಜಿ ಹಾಕಿದಾಗ ಡಿಗ್ರಿ ಇದ್ದವರನ್ನು ಮೊದಲು ಕರೆಯುವ ಮಾಲೀಕರು ಇದ್ದಾರೆ. ಇಲ್ಲಿನ ಅನುಭವ ಇಲ್ಲದ, ಹೆಸರು ಉಚ್ಚರಿಸಲು ಕಷ್ಟವಾಗುವ ವಲಸಿಗರಿಗೆ ಸ್ಥಳೀಯ ಕಾಲೇಜಿನ ಹೆಸರು ರೆಸ್ಯೂಮೆಯಲ್ಲಿ ಇರುವುದು ಒಂದು ಬಲ. ಸಣ್ಣ ಊರುಗಳಲ್ಲಿ, ಸಣ್ಣ ಕಂಪನಿಗಳಲ್ಲಿ ‘ಸ್ಟಾಫ್ ಅಕೌಂಟೆಂಟ್’ ಅನ್ನುವ ಹುದ್ದೆಯೂ ಒಮ್ಮೊಮ್ಮೆ ಅಸೋಸಿಯೇಟ್ ಡಿಗ್ರಿಯವರಿಗೇ ಸಿಗುತ್ತದೆ. ಆದರೆ ಕಾಲೇಜಿನ ಜಾಹೀರಾತಿನಲ್ಲಿ 81,680ರ ಅಂಕಿ ತೋರಿಸಿ ಎರಡು ವರ್ಷದ ಡಿಗ್ರಿ ಮಾರಿದರೆ ಅದನ್ನು ನಂಬಬೇಡಿ. ಅದು ಬೇರೆ ಸಾಲಿನ ಅಂಕಿ.

ಸಮಯಕ್ಕೆ ಬೆಲೆ ಕಟ್ಟಿದರೆ

ಒಂದು ಲೆಕ್ಕ ಹಾಕೋಣ. ಗೋದಾಮಿನಲ್ಲಿ ಗಂಟೆಗೆ 18 ಡಾಲರಿನ ಕೆಲಸ ಇರುವ ಒಬ್ಬರನ್ನು ಊಹಿಸಿಕೊಳ್ಳಿ. ವಾರಕ್ಕೆ 40 ಗಂಟೆ, ವರ್ಷಕ್ಕೆ 37,440 ಡಾಲರ್. ಅಕೌಂಟಿಂಗ್ ಓದಿ ಬುಕ್‌ಕೀಪರ್ ಆದರೆ ಶುರುವಿನಲ್ಲಿ ಗಂಟೆಗೆ 22 ಸಿಕ್ಕಿತು ಅನ್ನೋಣ. ಹೊಸಬರಿಗೆ ಮಧ್ಯಮ ಸಂಬಳ ಯಾರೂ ಕೊಡುವುದಿಲ್ಲ, ಅದಕ್ಕೇ ಸ್ವಲ್ಪ ಕಡಿಮೆ ಇಟ್ಟಿದ್ದೇನೆ. ವರ್ಷಕ್ಕೆ 45,760. ವ್ಯತ್ಯಾಸ 8,320 ಡಾಲರ್, ತೆರಿಗೆ ಕಳೆಯುವ ಮುಂಚೆ. ಫೀಸು, ಪುಸ್ತಕ ಎಲ್ಲ ಸೇರಿ ಖರ್ಚು 4,300 ಅಂತ ಇಟ್ಟುಕೊಳ್ಳಿ.

ಕೆಲಸ ಬಿಡದೆ ಸಂಜೆ ತರಗತಿಗೆ ಹೋಗಿ ಓದಿದರೆ ಹೊಸ ಕೆಲಸ ಹಿಡಿದ ಆರೇಳು ತಿಂಗಳಲ್ಲಿ ಖರ್ಚು ವಾಪಸ್. ಅದೇ ವ್ಯಕ್ತಿ ಕೆಲಸ ಬಿಟ್ಟು ಎರಡು ವರ್ಷ ಪೂರ್ತಿ ಓದಿದರೆ? ಕೈಬಿಟ್ಟ ಸಂಬಳ 74,880 ಡಾಲರ್. ಅದಕ್ಕೆ 4,300 ಸೇರಿಸಿದರೆ 79,180. ವರ್ಷಕ್ಕೆ 8,320ರಂತೆ ಅದು ತುಂಬಿ ಬರಲು ಒಂಬತ್ತೂವರೆ ವರ್ಷ ಬೇಕು. ಕಾಲೇಜು ಅದೇ, ಡಿಗ್ರಿ ಅದೇ, ಫೀಸೂ ಅದೇ.

ಸಂಜೆ ಓದಿಗೂ ಬೆಲೆ ಇದೆ, ಅದು ಡಾಲರಿನಲ್ಲಿ ಕಾಣುವುದಿಲ್ಲ ಅಷ್ಟೇ. ಒಂದು ಸೆಮಿಸ್ಟರಿಗೆ ಎರಡು ಕೋರ್ಸಿನಂತೆ ಹೋದರೆ 60 ಯುನಿಟ್ ಮುಗಿಸಲು ನಾಲ್ಕು ವರ್ಷ ದಾಟುತ್ತದೆ. ಮೊದಲ ಫೈನಾನ್ಷಿಯಲ್ ಅಕೌಂಟಿಂಗ್ ಕೋರ್ಸೇ ಬಹಳ ಜನರನ್ನು ಸೋಸಿಬಿಡುತ್ತದೆ. ವಾರಕ್ಕೆ ಹತ್ತು ಹನ್ನೆರಡು ಗಂಟೆ ಕೂರದಿದ್ದರೆ ಅದು ದಕ್ಕುವುದಿಲ್ಲ. ಮಗು ಮಲಗಿದ ಮೇಲೆ ಓದುತ್ತೇನೆ ಅನ್ನುವವರು ಮಗು ಎಷ್ಟು ಹೊತ್ತಿಗೆ ಮಲಗುತ್ತದೆ ಅಂತ ಮೊದಲು ನೋಡಿಕೊಳ್ಳಲಿ.

ಇಲ್ಲಿ ಒಂದು ಒಳದಾರಿ ಇದೆ. ಕ್ಲರ್ಕ್ ಕೆಲಸಕ್ಕೆ ಡಿಗ್ರಿ ಪೂರ್ತಿ ಬೇಕಿಲ್ಲ ಅಂತ ನೋಡಿದೆವಲ್ಲ, ಅದನ್ನೇ ಬಳಸಿಕೊಳ್ಳಿ. ಫೈನಾನ್ಷಿಯಲ್ ಅಕೌಂಟಿಂಗ್, ಕ್ವಿಕ್‌ಬುಕ್ಸ್, ಎಕ್ಸೆಲ್, ಪೇರೋಲ್, ಈ ನಾಲ್ಕು ಕೋರ್ಸು ಮೊದಲು ಮುಗಿಸಿ. ಊರಲ್ಲಿ ಟ್ಯಾಲಿ ಇದ್ದಂತೆ ಇಲ್ಲಿನ ಸಣ್ಣ ವ್ಯಾಪಾರಗಳಲ್ಲಿ ಕ್ವಿಕ್‌ಬುಕ್ಸ್ ಇಲ್ಲದ ಕಡೆ ಕಡಿಮೆ. ಕಾಲೇಜುಗಳು ಇಂಥ ಕೋರ್ಸುಗಳನ್ನು ಸೇರಿಸಿ ಸರ್ಟಿಫಿಕೇಟ್ ಅಂತ ಕೊಡುತ್ತವೆ. ಅಷ್ಟರಲ್ಲೇ ಕೆಲಸಕ್ಕೆ ಅರ್ಜಿ ಹಾಕಲು ಶುರು ಮಾಡಿ. ಕೆಲಸ ಸಿಕ್ಕಮೇಲೆ ಉಳಿದ ಓದಿಗೆ ಕಂಪನಿಯನ್ನೇ ಕೇಳಿ. ಕಂಪನಿ ನೌಕರರ ಓದಿಗೆ ವರ್ಷಕ್ಕೆ 5,250 ಡಾಲರ್ ತನಕ ಕೊಟ್ಟರೆ ಅದಕ್ಕೆ ನೌಕರರು ತೆರಿಗೆ ಕಟ್ಟಬೇಕಿಲ್ಲ ಅಂತ ಕಾನೂನಿದೆ. ಕಮ್ಯುನಿಟಿ ಕಾಲೇಜಿನ ವರ್ಷದ ಫೀಸು ಅದರೊಳಗೆ ಬಂದುಬಿಡುತ್ತದೆ. ಎಲ್ಲ ಕಂಪನಿಯೂ ಕೊಡುವುದಿಲ್ಲ, ಕೊಡುವ ಕಂಪನಿಗಳಲ್ಲೂ ಕೇಳದೆ ಬಿಟ್ಟವರೇ ಜಾಸ್ತಿ ಇರಬೇಕು.

ಅನುಭವಕ್ಕೆ ಇನ್ನೊಂದು ಜಾಗ ವೀಟಾ. ಆದಾಯ ಕಡಿಮೆ ಇರುವವರ ತೆರಿಗೆ ರಿಟರ್ನ್ ಉಚಿತವಾಗಿ ತುಂಬಿಕೊಡುವ ಕಾರ್ಯಕ್ರಮ ಇದು. ತೆರಿಗೆ ಇಲಾಖೆಯದ್ದೇ ತರಬೇತಿ, ಸಂಬಳ ಇಲ್ಲ. ಹಲವು ಕಮ್ಯುನಿಟಿ ಕಾಲೇಜುಗಳಲ್ಲೇ ಇದರ ಕೇಂದ್ರ ಇರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಶನಿವಾರಗಳಲ್ಲಿ ಕೂತರೆ ಪುಸ್ತಕದಲ್ಲಿ ಸಿಗದ ತೆರಿಗೆ ಜ್ಞಾನ ಬರುತ್ತದೆ. ರೆಸ್ಯೂಮೆಯಲ್ಲಿ ಒಂದು ಅಮೆರಿಕನ್ ಸಾಲೂ ಸೇರುತ್ತದೆ.

ಒಂದು ಅಕ್ಷರ ಜಾಸ್ತಿಯಾದರೆ

ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಲೆಕ್ಕ ಬೇರೆ. ಅವರಿಗೆ ಕಮ್ಯುನಿಟಿ ಕಾಲೇಜು ಬ್ಯಾಚುಲರ್ ಡಿಗ್ರಿಯ ಮೊದಲ ಅರ್ಧ. ಎರಡು ವರ್ಷ ಇಲ್ಲಿ, ಉಳಿದ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ. ಮೇಲೆ ಹೇಳಿದ ದೇಶದ ಸರಾಸರಿ ಹಿಡಿದರೆ ಎರಡು ವರ್ಷಕ್ಕೆ ಫೀಸಿನಲ್ಲೇ 15,000 ಡಾಲರ್ ಉಳಿಯುತ್ತದೆ. ಮನೆಯಲ್ಲೇ ಇದ್ದು ಓದಿದರೆ ಹಾಸ್ಟೆಲಿನ ಖರ್ಚೂ ಇಲ್ಲ, ಅದು ಫೀಸಿಗಿಂತ ದೊಡ್ಡದು. ಕೊನೆಗೆ ಸಿಗುವ ಡಿಗ್ರಿಯ ಮೇಲೆ ವಿಶ್ವವಿದ್ಯಾಲಯದ ಹೆಸರೇ ಇರುತ್ತದೆ.

ಆದರೆ ಕಾಲೇಜಿನ ಪಟ್ಟಿಯಲ್ಲಿ ಅಕೌಂಟಿಂಗ್ ಡಿಗ್ರಿ ಒಂದೇ ಇರುವುದಿಲ್ಲ. ಎ.ಎಸ್. ಅಂತ ಒಂದು ಇರುತ್ತದೆ, ಎ.ಎ.ಎಸ್. ಅಂತ ಇನ್ನೊಂದು. ಹಲವು ರಾಜ್ಯಗಳಲ್ಲಿ ಎ.ಎಸ್. ಮುಂದೆ ಓದುವವರಿಗೆ. ಎ.ಎ.ಎಸ್. ನೇರ ಕೆಲಸಕ್ಕೆ ಹೋಗುವವರಿಗೆ, ನಡುವಿನ ‘ಎ’ ಅಂದರೆ ಅಪ್ಲೈಡ್. ಅದರಲ್ಲಿ ಪೇರೋಲ್, ಕ್ವಿಕ್‌ಬುಕ್ಸ್ ತರದ ಕೋರ್ಸು ಜಾಸ್ತಿ, ಇಂಗ್ಲಿಷ್-ಗಣಿತ ಕಡಿಮೆ. ವಿಶ್ವವಿದ್ಯಾಲಯಕ್ಕೆ ಹೋದಾಗ ಆ ಯುನಿಟ್‌ಗಳಲ್ಲಿ ದೊಡ್ಡ ಪಾಲನ್ನು ಅವರು ತೆಗೆದುಕೊಳ್ಳದೆ ಇರಬಹುದು. ಅಂದರೆ ಎರಡು ವರ್ಷ ಓದಿಯೂ ಒಂದು ವರ್ಷ ಹಿಂದೆ. ಈ ಗೊಂದಲ ತಪ್ಪಿಸಲು ಕ್ಯಾಲಿಫೋರ್ನಿಯಾ 2010ರಲ್ಲಿ ಕಾನೂನು ಮಾಡಿ ವರ್ಗಾವಣೆಗೆಂದೇ ಬೇರೆ ಅಸೋಸಿಯೇಟ್ ಡಿಗ್ರಿ ತಂದಿತು. ಅದು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಎಲ್ಲೋ ಒಂದು ಕಡೆ ಸೀಟು ಖಚಿತ. ನಿಮಗೆ ಬೇಕಾದ ಕ್ಯಾಂಪಸ್ಸೇ ಸಿಗುತ್ತದೆ ಅಂತ ಮಾತ್ರ ಅಲ್ಲ. ಯಾವ ಕಾಲೇಜಿನ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಅಂತ ನೋಡಲು ಆ ರಾಜ್ಯದಲ್ಲಿ ಅಸಿಸ್ಟ್ ಅನ್ನುವ ಸರ್ಕಾರಿ ಜಾಲತಾಣ ಇದೆ. ಕೌನ್ಸೆಲರ್ ಬಾಯಿಮಾತಿಗಿಂತ ಅದನ್ನೇ ನಂಬಿ.

ಅಕೌಂಟಿಂಗ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಫೈನಾನ್ಷಿಯಲ್ ಮತ್ತು ಮ್ಯಾನೇಜೀರಿಯಲ್, ಈ ಎರಡು ಮೊದಲ ಕೋರ್ಸುಗಳು ಸಾಮಾನ್ಯವಾಗಿ ತೊಂದರೆ ಇಲ್ಲದೆ ಹೋಗುತ್ತವೆ. ಇಂಟರ್ಮೀಡಿಯೆಟ್ ಅಕೌಂಟಿಂಗ್ ಹಾಗಲ್ಲ. ವಿಶ್ವವಿದ್ಯಾಲಯಗಳು ಅದನ್ನು ಮೂರನೇ ವರ್ಷದ ವಿಷಯ ಅನ್ನುತ್ತವೆ, ಅಲ್ಲೇ ಮತ್ತೆ ಓದಿ ಅನ್ನುತ್ತವೆ. ಬ್ಯಾಚುಲರ್ ಮಾಡುವ ಮಕ್ಕಳು ಅದನ್ನು ಕಮ್ಯುನಿಟಿ ಕಾಲೇಜಿನಲ್ಲಿ ಓದಿ ದುಡ್ಡು ಉಳಿಸಿದೆವು ಅಂದುಕೊಂಡರೆ ಎರಡು ಸಲ ಓದಬೇಕಾಗಬಹುದು.

ಈ ದಾರಿಯಲ್ಲಿ ಎಷ್ಟು ಜನ ತಲುಪುತ್ತಾರೆ ಅಂತ ನೋಡಿದರೆ ಬೇಜಾರಾಗುತ್ತದೆ. ಕಮ್ಯುನಿಟಿ ಕಾಲೇಜು ಸೇರುವ 100 ಜನರಲ್ಲಿ 80ರಷ್ಟು ಜನ ಬ್ಯಾಚುಲರ್ ಮಾಡುವ ಆಸೆ ಇಟ್ಟುಕೊಂಡಿರುತ್ತಾರೆ. ಮೂರರಲ್ಲಿ ಒಂದು ಪಾಲು ಜನ ಮಾತ್ರ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಆರು ವರ್ಷದಲ್ಲಿ ಬ್ಯಾಚುಲರ್ ಮುಗಿಸುವವರು 16 ಜನದ ಆಸುಪಾಸು. ಇದಕ್ಕೆ ಮಕ್ಕಳ ದಡ್ಡತನ ಕಾರಣ ಅಲ್ಲ. ಕೆಲಸ ಮಾಡಿಕೊಂಡು ಓದುವುದು, ಬೇಡದ ಕೋರ್ಸು ತೆಗೆದುಕೊಳ್ಳುವುದು, ಯುನಿಟ್ ಕಳೆದುಕೊಳ್ಳುವುದು, ಕೇಳಲು ಯಾರೂ ಇಲ್ಲದಿರುವುದು, ಇವೇ ಕಾರಣ. ಹಿಂದೆ ನಿಂತು ಪ್ರತಿ ಸೆಮಿಸ್ಟರ್ ಪಟ್ಟಿ ನೋಡುವ ಅಪ್ಪ ಅಮ್ಮ ಇದ್ದರೆ ಇವುಗಳಲ್ಲಿ ಅರ್ಧ ತಪ್ಪಿಸಬಹುದು. ನಮ್ಮವರು ಆ ವಿಷಯದಲ್ಲಿ ಹಿಂದೆ ಬಿದ್ದವರಲ್ಲ.

ದೊಡ್ಡ ಆಡಿಟ್ ಕಂಪನಿಗಳಿಗೆ ಸೇರುವ ಆಸೆ ಇದ್ದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಅವರು ಇಂಟರ್ನ್‌ಗಳನ್ನು ಒಂದು ವರ್ಷ ಮುಂಚೆ, ಕೆಲವೊಮ್ಮೆ ಅದಕ್ಕೂ ಮೊದಲೇ ಆರಿಸುತ್ತಾರೆ. ನೇರ ವಿಶ್ವವಿದ್ಯಾಲಯ ಸೇರಿದವರು ಮೊದಲ ಎರಡು ವರ್ಷದಲ್ಲೇ ಅವರ ಕಾರ್ಯಕ್ರಮಗಳಿಗೆ ಹೋಗಿ ಪರಿಚಯ ಮಾಡಿಕೊಂಡಿರುತ್ತಾರೆ. ಮೂರನೇ ವರ್ಷಕ್ಕೆ ವರ್ಗಾವಣೆಯಾಗಿ ಬಂದವರಿಗೆ ಕ್ಯಾಂಪಸ್ ದಾರಿ ಗೊತ್ತಾಗುವ ಮುಂಚೆ ಸಂದರ್ಶನ ಶುರುವಾಗಿರುತ್ತದೆ. ಆಗಸ್ಟಿನಲ್ಲಿ ಸೇರುವ ಮುಂಚೆಯೇ ರೆಸ್ಯೂಮೆ ತಯಾರಿರಬೇಕು.

ಬಿ.ಕಾಂ. ಕೈಯಲ್ಲಿ ಇದ್ದವರಿಗೆ

ಇವರಿಗೆ ನಾನು ಹೇಳುವುದು ನೇರ ಮಾತು: ಅಸೋಸಿಯೇಟ್ ಡಿಗ್ರಿ ಮಾಡಬೇಡಿ. 60 ಯುನಿಟ್‌ಗಳಲ್ಲಿ ಅರ್ಧದ ಆಸುಪಾಸು ಇಂಗ್ಲಿಷ್, ಇತಿಹಾಸ, ವಿಜ್ಞಾನ ಇವೇ ಇರುತ್ತವೆ. ನೀವು ಡಿಗ್ರಿ ಮುಗಿಸಿದವರು, ಮತ್ತೆ ಅದನ್ನು ಓದುವುದು ಯಾಕೆ? ನಿಮಗೆ ಬೇಕಾದ್ದು ಬಿಡಿ ಕೋರ್ಸುಗಳು. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ಅನ್ನುವುದು ಧಾರವಾಡದಲ್ಲೂ ಒಂದೇ, ಡಲ್ಲಾಸ್‌ನಲ್ಲೂ ಒಂದೇ. ಇಲ್ಲಿ ಹೊಸದು ಅಂದರೆ ಅಮೆರಿಕದ ಲೆಕ್ಕ ನಿಯಮಗಳು, ಇಲ್ಲಿನ ತೆರಿಗೆ, ಪೇರೋಲ್, ವ್ಯಾಪಾರ ಕಾನೂನು.

ಈ ಬಿಡಿ ಕೋರ್ಸುಗಳು ಸಿಪಿಎ ಲೈಸೆನ್ಸಿಗೂ ಲೆಕ್ಕಕ್ಕೆ ಬರುತ್ತವೆ. ಸಿಪಿಎ ಅಂದರೆ ನಮ್ಮ ಸಿಎಗೆ ಇಲ್ಲಿನ ಸಮಾನ. ಹಲವು ವರ್ಷಗಳಿಂದ ಎಲ್ಲ ರಾಜ್ಯಗಳೂ ಲೈಸೆನ್ಸಿಗೆ 150 ಸೆಮಿಸ್ಟರ್ ಯುನಿಟ್ ಕೇಳುತ್ತಿದ್ದವು. ಇಲ್ಲಿನ ಬ್ಯಾಚುಲರ್ ಡಿಗ್ರಿ 120. ಊರಿನ ಮೂರು ವರ್ಷದ ಬಿ.ಕಾಂ.ಗೆ ಸಾಮಾನ್ಯವಾಗಿ 90 ಲೆಕ್ಕ ಹಾಕುತ್ತಾರೆ, ಎಂ.ಕಾಂ. ಇದ್ದರೆ ಇನ್ನಷ್ಟು ಸೇರುತ್ತದೆ. ಕೊರತೆ ತುಂಬಿಕೊಳ್ಳಲು ಮಾಸ್ಟರ್ಸ್ ಮಾಡಿದರೆ ಹತ್ತಾರು ಸಾವಿರ ಡಾಲರ್. ಅದೇ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಪ್ರತಿ 30 ಯುನಿಟ್ ಕೊರತೆ ತುಂಬಲು 1,380 ಡಾಲರ್ ಸಾಕು.

ಬೇ ಏರಿಯಾದ ಫುಟ್‌ಹಿಲ್ ಮತ್ತು ಡಿ ಆಂಜಾ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು. ಅಲ್ಲಿ ಕ್ವಾರ್ಟರ್ ಯುನಿಟ್‌ಗೆ 31 ಡಾಲರ್, ಅಂಥ ಮೂರು ಸೇರಿದರೆ ಎರಡು ಸೆಮಿಸ್ಟರ್ ಯುನಿಟ್. ಫುಟ್‌ಹಿಲ್‌ನಲ್ಲಿ ಇಂಟರ್ಮೀಡಿಯೆಟ್, ಆಡಿಟಿಂಗ್ ತರದ ಮುಂದಿನ ಹಂತದ ಕೋರ್ಸುಗಳೂ ಆನ್‌ಲೈನಿನಲ್ಲಿ ಇರುವುದರಿಂದ ಸಿಪಿಎ ತಯಾರಿ ಮಾಡುವವರ ನಡುವೆ ಅದು ಹೆಸರುವಾಸಿ. ಮಕ್ಕಳಿಗೆ ಬೇಡ ಅಂದ ಇಂಟರ್ಮೀಡಿಯೆಟ್ ಅಕೌಂಟಿಂಗ್ ಇವರಿಗೆ ಕೆಲಸಕ್ಕೆ ಬರುತ್ತದೆ, ಏಕೆಂದರೆ ಒಪ್ಪಬೇಕಾದ್ದು ವಿಶ್ವವಿದ್ಯಾಲಯ ಅಲ್ಲ, ರಾಜ್ಯದ ಅಕೌಂಟೆನ್ಸಿ ಬೋರ್ಡು.

ಬೋರ್ಡುಗಳೂ ಒಂದೇ ತರ ಇಲ್ಲ. ಟೆಕ್ಸಸ್‌ನಲ್ಲಿ ಕಮ್ಯುನಿಟಿ ಕಾಲೇಜಿನ ಮುಂದಿನ ಹಂತದ ಅಕೌಂಟಿಂಗ್ ಕೋರ್ಸು ಲೆಕ್ಕಕ್ಕೆ ಬರಬೇಕಾದರೆ ಆ ಕಾರ್ಯಕ್ರಮವನ್ನು ಬೋರ್ಡು ಒಪ್ಪಿರಬೇಕು. ಆಸ್ಟಿನ್ ಕಮ್ಯುನಿಟಿ ಕಾಲೇಜಿನಲ್ಲಿ ಬ್ಯಾಚುಲರ್ ಮುಗಿಸಿದವರಿಗೆಂದೇ ಅಂಥದ್ದು ಇದೆ. ವಿದೇಶಿ ಡಿಗ್ರಿಯನ್ನು ಯಾವ ಸಂಸ್ಥೆ ಅಳೆದುಕೊಟ್ಟರೆ ಒಪ್ಪುತ್ತಾರೆ, ಮೂರು ವರ್ಷದ ಡಿಗ್ರಿಯನ್ನು ಬ್ಯಾಚುಲರ್ ಅನ್ನುತ್ತಾರೋ ಇಲ್ಲವೋ ಅನ್ನುವುದೂ ಬೋರ್ಡಿನಿಂದ ಬೋರ್ಡಿಗೆ ಬೇರೆ. ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಡಿಗ್ರಿ ಅಳೆಸಿ. ಹಲವರು ಉಲ್ಟಾ ಮಾಡುತ್ತಾರೆ.

150ರ ನಿಯಮವೂ ಈಗ ಸಡಿಲವಾಗುತ್ತಿದೆ. 2025ರ ಜನವರಿಯಲ್ಲಿ ಓಹಾಯೊ ರಾಜ್ಯ ಹೊಸ ಕಾನೂನು ತಂದಿತು: ಬ್ಯಾಚುಲರ್ ಡಿಗ್ರಿ, ಎರಡು ವರ್ಷದ ಕೆಲಸ, ಪರೀಕ್ಷೆ ಪಾಸು, ಇಷ್ಟಿದ್ದರೆ ಲೈಸೆನ್ಸ್. ಆಮೇಲೆ ಬೇರೆ ರಾಜ್ಯಗಳೂ ಆ ದಾರಿಗೆ ಬಂದಿವೆ. ಇದರಿಂದ ಕಮ್ಯುನಿಟಿ ಕಾಲೇಜಿನ ಬಿಡಿ ಯುನಿಟ್‌ಗಳ ಅಗತ್ಯ ಕೆಲವರಿಗೆ ಕಡಿಮೆಯಾಗಬಹುದು. ಅಕೌಂಟಿಂಗ್ ವಿಷಯವನ್ನೇ ಇಷ್ಟು ಓದಿರಬೇಕು ಅನ್ನುವ ನಿಯಮ ಮಾತ್ರ ಹಾಗೇ ಇದೆ.

ಸಿಪಿಎ ತನಕ ಹೋಗಲು ಮನಸ್ಸಿಲ್ಲದವರಿಗೆ ಎನ್‌ರೋಲ್ಡ್ ಏಜೆಂಟ್ ಅಂತ ಒಂದು ಲೈಸೆನ್ಸ್ ಇದೆ. ಇದನ್ನು ಕೊಡುವುದು ಕೇಂದ್ರದ ತೆರಿಗೆ ಇಲಾಖೆಯೇ. ಮೂರು ಭಾಗದ ಪರೀಕ್ಷೆ, ಯಾವ ಡಿಗ್ರಿಯೂ ಬೇಕಿಲ್ಲ. ಪಾಸಾದರೆ ದೇಶದ ಯಾವ ರಾಜ್ಯದಲ್ಲಾದರೂ ತೆರಿಗೆ ವಿಷಯದಲ್ಲಿ ಜನರ ಪರವಾಗಿ ಇಲಾಖೆಯ ಮುಂದೆ ಹಾಜರಾಗಬಹುದು. ಗಂಡನ ಕೆಲಸ ಆಸ್ಟಿನ್‌ನಿಂದ ಅಟ್ಲಾಂಟಾಕ್ಕೆ ಹೋದರೂ ಲೈಸೆನ್ಸ್ ಜೊತೆಗೇ ಬರುತ್ತದೆ. ಬಿ.ಕಾಂ. ಓದಿದವರಿಗೆ ಇದು ನನಗೆ ಬಹಳ ಹಿಡಿಸುವ ದಾರಿ. ಕಮ್ಯುನಿಟಿ ಕಾಲೇಜಿನ ಎರಡು ತೆರಿಗೆ ಕೋರ್ಸು ಅದಕ್ಕೆ ಒಳ್ಳೆ ತಯಾರಿ.

ಒಂದು ಎಚ್ಚರಿಕೆ. ಎಚ್-4ನಲ್ಲಿ ಓದಬಹುದು, ಆದರೆ ಸಂಬಳಕ್ಕೆ ಕೆಲಸ ಮಾಡಲು ಇಎಡಿ, ಅಂದರೆ ಕೆಲಸದ ಪರವಾನಗಿ ಬೇಕು. 2015ರ ಮೇ ತಿಂಗಳಿಂದ ಅದು ಸಿಗುತ್ತಿದೆ, ಹೆಚ್ಚಾಗಿ ಗಂಡ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾದವರಿಗೆ. ಅದು ಸದ್ಯಕ್ಕೆ ಸಿಗುವ ಹಾಗಿಲ್ಲ ಅಂದರೆ ಓದಿನಲ್ಲಿ ಅವಸರ ಬೇಡ. ಕಲಿತ ಕ್ವಿಕ್‌ಬುಕ್ಸ್ ಮೂರು ವರ್ಷ ಮುಟ್ಟದೆ ಇಟ್ಟರೆ ಮರೆತುಹೋಗುತ್ತದೆ, ಕಟ್ಟಿದ ಫೀಸೂ ವ್ಯರ್ಥ.

ಕೆಲಸ ಉಳಿಯುತ್ತಾ?

ಬುಕ್‌ಕೀಪಿಂಗ್ ಕ್ಲರ್ಕ್ ಕೆಲಸಗಳು 2024ರಿಂದ 2034ರೊಳಗೆ ಶೇಕಡಾ 6ರಷ್ಟು ಕಡಿಮೆಯಾಗುತ್ತವೆ ಅಂತ ಅದೇ ಸರ್ಕಾರಿ ಪಟ್ಟಿ ಹೇಳುತ್ತದೆ. ಅಕೌಂಟೆಂಟ್ ಕೆಲಸಗಳು ಶೇಕಡಾ 5ರಷ್ಟು ಬೆಳೆಯುತ್ತವೆ. ಕ್ಲರ್ಕ್ ಕೆಲಸ ನಾಳೆಯೇ ಮಾಯವಾಗುವುದಿಲ್ಲ. ನಿವೃತ್ತಿಯಾಗುವವರು, ಬಿಟ್ಟುಹೋಗುವವರು ಇರುವುದರಿಂದ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಜಾಗ ಖಾಲಿಯಾಗುತ್ತಲೇ ಇರುತ್ತವೆ. ಆದರೆ ಬ್ಯಾಂಕಿನ ಲೆಕ್ಕ ತಾನಾಗಿಯೇ ಸಾಫ್ಟ್‌ವೇರಿಗೆ ಬಂದು ಕೂರುವಾಗ, ಬಿಲ್ಲಿನ ಫೋಟೋ ಓದಿ ಅದೇ ಎಂಟ್ರಿ ಹಾಕುವಾಗ, ಬರೀ ಎಂಟ್ರಿ ಮಾಡುವವರಿಗೆ ಜಾಗ ಎಲ್ಲಿ? ತಿಂಗಳ ಕೊನೆಗೆ ಲೆಕ್ಕ ಮುಚ್ಚುವವರು, ತಾಳೆ ಆಗದ್ದನ್ನು ಪತ್ತೆ ಹಚ್ಚುವವರು, ಪೇರೋಲ್ ತೆರಿಗೆ ಗೊತ್ತಿರುವವರು ಉಳಿಯುತ್ತಾರೆ.

ಇನ್ನೊಂದು ಪೈಪೋಟಿ ನಮ್ಮ ಊರಿನಿಂದಲೇ ಇದೆ. ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯುಸಿ, ಈ ನಾಲ್ಕೂ ದೊಡ್ಡ ಆಡಿಟ್ ಕಂಪನಿಗಳ ಅಮೆರಿಕದ ಕೆಲಸ ಮಾಡುವ ದೊಡ್ಡ ಕಚೇರಿಗಳು ಬೆಂಗಳೂರಲ್ಲಿವೆ. ಹೊಸದಾಗಿ ಸೇರಿದ ಅಮೆರಿಕನ್ ಹುಡುಗ ಮೊದಲು ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲು ಈಗ ಹೊರವರ್ತುಲ ರಸ್ತೆಯ ಟ್ರಾಫಿಕ್ ದಾಟಿ ಬಂದವರ ಟೇಬಲ್ಲಿಗೆ ಹೋಗಿದೆ.

ಅದೇ ಹೊತ್ತಿಗೆ ಮೇಲಿನ ಹಂತದಲ್ಲಿ ಜನ ಸಾಲುತ್ತಿಲ್ಲ. ಟಪ್ಪರ್‌ವೇರ್ ಗೊತ್ತಲ್ಲ, ನಮ್ಮ ಡಬ್ಬಿಗಳ ಕಂಪನಿ? 2024ರ ಮಾರ್ಚಿನಲ್ಲಿ ಅದು ವಾರ್ಷಿಕ ವರದಿ ತಡವಾಗಲು ಕೊಟ್ಟ ಕಾರಣಗಳಲ್ಲಿ ಒಂದು, ಅಕೌಂಟಿಂಗ್ ವಿಭಾಗದಲ್ಲಿ ಬಹಳ ಜನ ಬಿಟ್ಟುಹೋದದ್ದು. ಕೆಳಗಿನ ಮೆಟ್ಟಿಲು ಸವೆಯುತ್ತಿದೆ, ಮೇಲಿನದು ಖಾಲಿ ಇದೆ. ಎರಡು ವರ್ಷದ ಡಿಗ್ರಿಯಲ್ಲೇ ನಿಲ್ಲಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಊರಿನಿಂದ ನೇರ ಬರುವವರಿಗೆ

ಪಿಯುಸಿ ಮುಗಿಸಿ, ಕಡಿಮೆ ಫೀಸು ನೋಡಿ, ಎಫ್-1 ವೀಸಾದಲ್ಲಿ ಕಮ್ಯುನಿಟಿ ಕಾಲೇಜಿಗೆ ಅಕೌಂಟಿಂಗ್ ಓದಲು ಬರುವ ಯೋಚನೆ ಇದ್ದರೆ ಮೇಲಿನ ಯಾವ ಲೆಕ್ಕವೂ ನಿಮಗೆ ಹೊಂದುವುದಿಲ್ಲ. ಹೊರಗಿನವರ ಫೀಸು ಕಟ್ಟಬೇಕು, ಬಾಡಿಗೆ ಬೇರೆ. ಕ್ಯಾಂಪಸ್ ಹೊರಗೆ ಮನಸ್ಸಿಗೆ ಬಂದಂತೆ ಕೆಲಸ ಮಾಡುವ ಹಾಗಿಲ್ಲ. ಓದಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಒಂದು ವರ್ಷ. ಆಮೇಲೆ ಎಚ್-1ಬಿ ಬೇಕು ಅಂದರೆ ಬ್ಯಾಚುಲರ್ ಅಥವಾ ಅದಕ್ಕೆ ಸಮನಾದ ಅರ್ಹತೆ ಇರಲೇಬೇಕು. ಎರಡು ವರ್ಷದ ಡಿಗ್ರಿಗೆ ಅದು ಸಿಗುವುದಿಲ್ಲ. ಮುಂದೆ ಬ್ಯಾಚುಲರ್‌ಗೆ ವರ್ಗಾವಣೆಯಾಗಿ ಓದಲು ಬೇಕಾಗುವ ಹಣ ಈಗಲೇ ಕೈಯಲ್ಲಿ ಇದ್ದರೆ ಮಾತ್ರ ಯೋಚಿಸಬಹುದು.

ಇಲ್ಲವಾದರೆ ಊರಲ್ಲೇ ಬಿ.ಕಾಂ. ಮುಗಿಸಿ. 2020ರಿಂದ ಅಮೆರಿಕದ ಸಿಪಿಎ ಪರೀಕ್ಷೆಯನ್ನು ಬೆಂಗಳೂರಲ್ಲೇ ಬರೆಯಬಹುದು. ನಾಲ್ಕು ಪೇಪರ್: ಆಡಿಟಿಂಗ್, ಫೈನಾನ್ಷಿಯಲ್ ಅಕೌಂಟಿಂಗ್, ತೆರಿಗೆ ಇವು ಎಲ್ಲರಿಗೂ, ನಾಲ್ಕನೆಯದು ನೀವು ಆರಿಸಿಕೊಳ್ಳುವ ವಿಷಯ. ಅರ್ಹತೆಯ ಯುನಿಟ್ ಲೆಕ್ಕ ಇಲ್ಲೂ ಇದೆ, ಬರೀ ಬಿ.ಕಾಂ. ಸಾಲದೆ ಎಂ.ಕಾಂ. ಬೇಕಾಗುವುದು ಉಂಟು. ಪಾಸಾದವರನ್ನು ಆ ನಾಲ್ಕು ಕಂಪನಿಗಳ ಬೆಂಗಳೂರು ಕಚೇರಿಗಳೇ ಕೆಲಸಕ್ಕೆ ತೆಗೆದುಕೊಳ್ಳುತ್ತವೆ.